ಸ್ಪೀಚ್ ಥೆರಪಿಸ್ಟ್ ಹುಡುಕುವುದು ಹೇಗೆ? ಇವತ್ತಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಂಜೆ 6ರಿಂದ ಥೆರಪಿಸ್ಟ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿದವರು, 17 ವರ್ಷದಿಂದ ಮಕ್ಕಳ ಜೊತೆಗೇ ಕೆಲಸ. ಮಗುವಿನ ವಯಸ್ಸು, ಮನೆಯ ಭಾಷೆ, ಮಾಡಿಸಿರುವ ಟೆಸ್ಟ್ ಬರೆಯಿರಿ. ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಶಿವಮೊಗ್ಗದ ಅಮ್ಮ: ಮೇಡಂ, ಮಗನಿಗೆ 2 ವರ್ಷ 4 ತಿಂಗಳು. ಅಮ್ಮ, ತಾತ, ಬೌಬೌ, ಇಷ್ಟೇ ಮಾತು. ಹತ್ತಿರದಲ್ಲಿ ಮೂರು ಥೆರಪಿ ಸೆಂಟರ್ ಇವೆ. ಮೂವರೂ ನಾವೇ ಬೆಸ್ಟ್ ಅಂತಾರೆ. ಯಾರನ್ನು ನಂಬೋದು?

ಥೆರಪಿಸ್ಟ್: ಮೊದಲು ಸಿಆರ್‌ಆರ್ ನಂಬರ್, ಅಂದರೆ ಅವರ ನೋಂದಣಿ ನಂಬರ್ ಕೇಳಿ. ನಮ್ಮ ಕೆಲಸಕ್ಕೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಡಿಗ್ರಿ ಬಿಎಎಸ್‌ಎಲ್‌ಪಿ (ಕಿವಿ, ಮಾತಿನ ತೊಂದರೆಗಳ ಓದು), ಇಂಟರ್ನ್‌ಶಿಪ್ ಸೇರಿ 4 ವರ್ಷ. ಅದರ ಮೇಲೆ ಮಾಸ್ಟರ್ಸ್ ಮಾಡಿದವರೂ ಇರುತ್ತಾರೆ. ನಂಬರ್ ಕೇಳಿದ್ದಕ್ಕೆ ಮುಖ ಊದಿಸಿಕೊಂಡರೆ ಎದ್ದು ಬನ್ನಿ.

ಆದರೆ ನಂಬರ್ ಇದ್ದವರೆಲ್ಲ ಒಳ್ಳೆಯ ಥೆರಪಿಸ್ಟ್ ಅಲ್ಲ. ಮೊದಲ ದಿನ ಅವರು ನಿಮಗೆ ಏನು ಹೇಳಿದರು ಅನ್ನುವುದಕ್ಕಿಂತ, ನಿಮ್ಮನ್ನು ಏನು ಕೇಳಿದರು ಅನ್ನುವುದನ್ನು ನೋಡಿ. ಕಿವಿ ಟೆಸ್ಟ್ ಆಗಿದೆಯಾ ಅಂತ ಕೇಳಿದರಾ? ಬೆರಳು ತೋರಿಸಿ ಕೇಳ್ತಾನಾ, ಕೈ ಹಿಡಿದು ಎಳ್ಕೊಂಡು ಹೋಗ್ತಾನಾ ಅಂತ ಕೇಳಿದರಾ? ಇದ್ಯಾವುದೂ ಇಲ್ಲದೆ ಸೀದಾ ಪ್ಯಾಕೇಜ್ ರೇಟ್ ಹೇಳಿದರೆ ಅದು ಅಂಗಡಿ.

ನಾನು ಮೊದಲ ದಿನ ಪಾರದರ್ಶಕ ಡಬ್ಬಿಯಲ್ಲಿ ಬಿಸ್ಕತ್ತು ಹಾಕಿ, ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಮಗುವಿನ ಕೈಗೆ ಕೊಟ್ಟು ಸುಮ್ನೆ ಕೂರ್ತೀನಿ. ಒಂದು ಮಗು ಡಬ್ಬಿ ನನಗೇ ವಾಪಸ್ ಕೊಟ್ಟು ಮುಖ ನೋಡುತ್ತೆ. ಒಂದು ನನ್ನ ಕೈ ಎಳೆದು ಮುಚ್ಚಳದ ಮೇಲೆ ಇಡುತ್ತೆ, ಮುಖ ನೋಡಲ್ಲ. ಇನ್ನೊಂದು ಡಬ್ಬಿ ಬಿಸಾಕಿ ಹೋಗುತ್ತೆ. ಮೂರು ಮಕ್ಕಳಿಗೂ ಮಾತಿಲ್ಲ, ಮೂರಕ್ಕೂ ದಾರಿ ಬೇರೆ. ಅಮ್ಮಂದಿರು "ಬಿಚ್ಚಿಕೊಡಿ ಮೇಡಂ, ಅಳ್ತಾನೆ" ಅಂತಾರೆ. ಎರಡು ನಿಮಿಷ ತಡ್ಕೊಳ್ಳಿ.

ಇನ್ನೊಂದು ಮಾತು. ನಿಮ್ಮನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುವ ಕಡೆ ಹೋಗಬೇಡಿ. ವಾರಕ್ಕೆ ಎರಡು ದಿನ 45 ನಿಮಿಷ ನಾನು ಮಾಡಿದ್ದರಿಂದ ಮಗು ಮಾತು ಕಲಿಯಲ್ಲ. ನಾನು ಮಾಡಿದ್ದನ್ನು ನೋಡಿ ನೀವು ಮನೆಯಲ್ಲಿ ಊಟ, ಸ್ನಾನದ ಹೊತ್ತಿನಲ್ಲಿ ಮಾಡಬೇಕು.

ಹುಬ್ಬಳ್ಳಿ ಅಪ್ಪ: ನಮಸ್ಕಾರ್ರಿ ಮೇಡಂ. ಮಗಳಿಗೆ 3 ವರ್ಷ. ಹುಟ್ಟಿದಾಗ ಕಿವಿ ಟೆಸ್ಟ್ ಪಾಸ್ ಆಗೇತಿ. ಮತ್ತ ಮಾಡಿಸಬೇಕೇನ್ರಿ?

ಥೆರಪಿಸ್ಟ್: ಮಾಡಿಸಬೇಕು. ಹುಟ್ಟಿದಾಗ ಸರಿಯಿದ್ದ ಕಿವಿ ಆಮೇಲೆ ಕೆಡಬಹುದು. ಪದೇ ಪದೇ ನೆಗಡಿ ಆಗುವ ಮಕ್ಕಳಲ್ಲಿ ಕಿವಿ ಪರದೆಯ ಹಿಂದೆ ನೀರು ತುಂಬಿ ಮಂದ ಆಗುತ್ತೆ. ಕುಕ್ಕರ್ ವಿಷಲ್‌ಗೆ ತಿರುಗುತ್ತೆ, "ಸ", "ಶ" ಕೇಳಿಸಲ್ಲ. ಕರೆದರೆ ತಿರುಗ್ತಾಳೆ ಅನ್ನುವುದು ಟೆಸ್ಟ್ ಅಲ್ಲ.

ಪುತ್ತೂರು ಅಮ್ಮ: ಮನೆಯಲ್ಲಿ ತುಳು, ಅಕ್ಕಪಕ್ಕ ಕನ್ನಡ, ಪ್ಲೇ ಸ್ಕೂಲಿನಲ್ಲಿ ಇಂಗ್ಲಿಷ್. ಮಗಳಿಗೆ ಮೂರೂವರೆ. ಥೆರಪಿಸ್ಟ್ ಬರೀ ಇಂಗ್ಲಿಷ್ ಮಾತಾಡಿ, ತುಳು ನಿಲ್ಲಿಸಿ ಅಂದಿದ್ದಾರೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ.

ಥೆರಪಿಸ್ಟ್: ತುಳು ನಿಲ್ಲಿಸಬೇಡಿ, ಥೆರಪಿಸ್ಟ್ ಬದಲಾಯಿಸಿ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ನಿಲ್ಲಲ್ಲ. ಅಜ್ಜಿಯ ಬಾಯಿ ಮುಚ್ಚಿಸಿದರೆ ಮಗುವಿಗೆ ಇದ್ದ ಮಾತಿನ ಜೊತೆಗಾರರಲ್ಲಿ ಒಬ್ಬರು ಕಡಿಮೆ ಆದರು, ಅಷ್ಟೇ. ಮನೆ ಭಾಷೆ ಬರುವ ಥೆರಪಿಸ್ಟ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಪದಗಳ ಪಟ್ಟಿಯನ್ನು ನಿಮ್ಮಿಂದ ಬರೆಸಿಕೊಳ್ಳುವವರನ್ನು ಹಿಡಿಯಿರಿ.

ಬೆಂಗಳೂರು ಅಪ್ಪ: ಒಪ್ಪಲ್ಲ ಮೇಡಂ. ನಾವು ಕನ್ನಡ ಬಿಟ್ಟ ಮೇಲೆ ಮಗ ಕಲರ್ಸ್, ನಂಬರ್ಸ್, ಎ ಬಿ ಸಿ ಡಿ ಎಲ್ಲ ಹೇಳ್ತಾನೆ.

ಪುತ್ತೂರು ಅಮ್ಮ: ಬಾಯಾರಿದರೆ ನೀರು ಕೇಳ್ತಾನಾ ಅಣ್ಣಾ?

ಬೆಂಗಳೂರು ಅಪ್ಪ: ಅದು ಬೇರೆ ವಿಷಯ.

ಪುತ್ತೂರು ಅಮ್ಮ: ಅದೇ ವಿಷಯ.

ನಿವೃತ್ತ ಮೇಷ್ಟ್ರು: ಈಗಿನ ತಾಯಂದಿರು ಕೈಗೆ ಮೊಬೈಲ್ ಕೊಟ್ಟು ಕೂರಿಸುತ್ತಾರೆ, ಆಮೇಲೆ ಥೆರಪಿ ಅಂತ ಓಡುತ್ತಾರೆ. ನಮ್ಮ ಕಾಲದಲ್ಲಿ ಬಜೆ ತೇದು ಜೇನಲ್ಲಿ ನೆಕ್ಕಿಸುತ್ತಿದ್ದರು. ಗಿಳಿ ಕಚ್ಚಿದ ಸೀಬೆಹಣ್ಣು ತಿನ್ನಿಸಿದರೂ ಮಾತು ಬರುತ್ತದೆ. (ಫಾರ್ವರ್ಡ್ ಮಾಡಿದ ಮೆಸೇಜ್: "ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ 7 ದಿನದಲ್ಲಿ ಮಾತು...")

ಶಿವಮೊಗ್ಗದ ಅಮ್ಮ: ತಾಯಂದಿರು ಮಾತ್ರಾನಾ ಸರ್? ಅಪ್ಪಂದಿರ ಕೈಯಲ್ಲಿ ಇರೋದು ಏನು, ಸ್ಲೇಟಾ?

ಥೆರಪಿಸ್ಟ್: ಮೇಷ್ಟ್ರೇ, ಗೌರವ ಇಟ್ಟೇ ಹೇಳ್ತೀನಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಬಾಟ್ಯುಲಿಸಂ ಅನ್ನುವ ವಿಷದ ಕಾಯಿಲೆ ಬರಬಹುದು. ಬಜೆ ಜಾಸ್ತಿ ಆದರೆ ವಾಂತಿ ನಿಲ್ಲಲ್ಲ. ಗಿಳಿ ಕಚ್ಚಿದ ಹಣ್ಣಿನಲ್ಲಿ ಗಿಳಿಯ ಎಂಜಲು ಬಿಟ್ಟರೆ ಬೇರೇನೂ ಇಲ್ಲ. ನಾಲಿಗೆ ದಾರದ ವಿಷಯ: "ಅಮ್ಮ" ಅನ್ನಲು ನಾಲಿಗೆ ಎತ್ತಬೇಕಾಗಿಲ್ಲ, ತುಟಿ ಸಾಕು. "ಅಮ್ಮ" ಕೂಡ ಬರದ ಮಗುವಿನ ನಾಲಿಗೆ ಕತ್ತರಿಸಿ ಏನು ಸಿಗುತ್ತೆ? ಮೊಬೈಲ್ ಕಡಿಮೆ ಮಾಡಿ, ಒಪ್ಪಿದೆ. ಆದರೆ ಮೊಬೈಲ್ ಅಂತ ಬೈದು ಕಿವಿ ಟೆಸ್ಟ್ ಬಿಟ್ಟವರನ್ನು ವಾರಕ್ಕೊಬ್ಬರನ್ನು ನೋಡ್ತೀನಿ.

ನಿವೃತ್ತ ಮೇಷ್ಟ್ರು: ನನ್ನ ಮೊಮ್ಮಗನಿಗೆ ಬಜೆಯಿಂದಲೇ ಮಾತು ಬಂತು.

ಥೆರಪಿಸ್ಟ್: ಬಜೆ ಕೊಟ್ಟ ಮೇಲೆ ಬಂತು.

ಮಂಡ್ಯ ಅಮ್ಮ: ಮೇಡಂ ನಮ್ಮ ಸೆಂಟರ್‌ನಲ್ಲಿ ಪೀಪಿ ಊದಿಸ್ತಾರೆ, ಮೇಣದಬತ್ತಿ ಆರಿಸೋಕೆ ಹೇಳ್ತಾರೆ, ಕೆನ್ನೆಗೆ ವೈಬ್ರೇಟರ್ ಹಿಡೀತಾರೆ. ಐದು ತಿಂಗಳಾಯ್ತು.

ಥೆರಪಿಸ್ಟ್: ಪೀಪಿ ಊದುವುದು ಚೆನ್ನಾಗಿ ಬಂದಿರುತ್ತೆ, ಮಾತಲ್ಲ. ಗುರಿ ಏನು, ಇಲ್ಲಿವರೆಗೆ ಎಷ್ಟು ಮುಟ್ಟಿದೆ ಅಂತ ಬರೆದು ಕೊಡಿ ಎನ್ನಿ. ಕೊಡದಿದ್ದರೆ ಬಿಡಿ.

ತುಮಕೂರು ಅಪ್ಪ: 4 ವರ್ಷದ ಮಗ "ಕಾಲು" ಅನ್ನೋಕೆ "ತಾಲು" ಅಂತಾನೆ. ಅಕ್ಕಿ ಅತ್ತಿ ಆಗುತ್ತೆ. "ಬಾಳೆಹಣ್ಣು" ಕೂಡ "ಬಾಲೆಹನ್ನು".

ಥೆರಪಿಸ್ಟ್: ಳ, ಣ ಬಿಡಿ, ಕಾಯಬಹುದು. "ಕ" ಜಾಗದಲ್ಲಿ "ತ" 4ಕ್ಕೂ ಉಳಿದಿದ್ದರೆ ತೋರಿಸಿ. ಸಾಮಾನ್ಯವಾಗಿ ಬೇಗ ಸರಿಹೋಗುತ್ತೆ.

ಕಲಬುರಗಿ ಅಮ್ಮ: ಒಳ್ಳೆ ಥೆರಪಿಸ್ಟ್ ನಂಬರ್ ಕಳಿಸಿ ಮೇಡಂ.

ಥೆರಪಿಸ್ಟ್: ಇಲ್ಲಿ ಯಾರ ನಂಬರೂ ಕೊಡಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆ ತೊಂದರೆ ಬೇಗ ನೋಡುವ ಸರ್ಕಾರಿ ಕೇಂದ್ರ ಎಲ್ಲಿದೆ ಕೇಳಿ, ಅಲ್ಲಿ ದುಡ್ಡು ತಗೊಳ್ಳಲ್ಲ.

ಹಾಸನದ ಅತ್ತೆ: ಗಂಡುಮಕ್ಕಳಿಗೆ ಮಾತು ತಡ ಅಲ್ವಾ? 3 ವರ್ಷದವರೆಗೆ ಕಾಯೋಣ ಅಂತ ನಾವು.

ಥೆರಪಿಸ್ಟ್: ಬೇಡ. 2 ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಅಂತ ಎರಡು ಪದ ಸೇರಿಸದಿದ್ದರೆ ತೋರಿಸಿ. ಗಂಡಾದರೂ ಹೆಣ್ಣಾದರೂ.

ಚಳ್ಳಕೆರೆ ಅಮ್ಮ: ಮೇಡಂ, ನಮ್ಮದು ತಡವಾಗಿ ಮಾತು ಬಂದ ಕೇಸ್ ಅಲ್ಲ. ಮಗನಿಗೆ 5 ವರ್ಷ 3 ತಿಂಗಳು. ದಸರಾ ರಜೆವರೆಗೂ ಕಥೆ ಹೇಳ್ತಿದ್ದ, ಅಕ್ಕನ ಜೊತೆ ಜಗಳ ಆಡ್ತಿದ್ದ. ಆಮೇಲೆ ಕರೆದರೆ ತಿರುಗುವುದು ಕಮ್ಮಿ ಆಯ್ತು. ಎಲ್ಲದಕ್ಕೂ "ಏನು? ಏನು?" ಅಂತಿದ್ದ. ಈಗ "ಏನು" ಅನ್ನೋದೂ ಇಲ್ಲ. ನೀರು ಬೇಕಾ ಅಂದರೆ ಮುಖ ನೋಡ್ತಾನೆ, ಲೋಟ ತೋರಿಸಿದರೆ ಕುಡೀತಾನೆ. ಕಿವಿ ಡಾಕ್ಟರ್ ಬೆರಾ ಅನ್ನೋ ಕಿವಿ ಟೆಸ್ಟ್ ಮಾಡಿಸಿದರು, ಕಿವಿ ಸರಿ ಇದೆ. ಥೆರಪಿ ಸೆಂಟರ್‌ನವರು ಹಠ, ಮೊಬೈಲ್ ಚಟ, 40 ಸೆಷನ್ ಆಗಬೇಕು, ಮುಂಗಡ ಕಟ್ಟಿ ಅಂದರು. ಕಟ್ಟಲಾ?

ಥೆರಪಿಸ್ಟ್: ಕಟ್ಟಬೇಡಿ. ಮೊದಲು ಇದಕ್ಕೆ ಉತ್ತರ ಕೊಡಿ. ನಿದ್ದೆಯಲ್ಲಿ ಏನಾದರೂ ನೋಡಿದ್ದೀರಾ? ಮುಖ ಒಂದು ಕಡೆ ಎಳೆಯುವುದು, ಜೊಲ್ಲು, ಕೈ ಅದುರುವುದು? ಬೆಳಗ್ಗೆ ಹಾಸಿಗೆ ಒದ್ದೆ?

ಚಳ್ಳಕೆರೆ ಅಮ್ಮ: ಹೋದ ತಿಂಗಳು ಒಂದು ರಾತ್ರಿ ಬಾಯಿ ಓರೆ ಆಗಿ ಜೊಲ್ಲು ಸುರಿತಿತ್ತು. ಒಂದು ನಿಮಿಷ ಇರಬಹುದು. ಅತ್ತೆ ದೃಷ್ಟಿ ಅಂತ ನಿವಾಳಿಸಿದರು.

ನಿವೃತ್ತ ಮೇಷ್ಟ್ರು: ಹೆದರಿಕೊಂಡಿರಬೇಕು ಮಗು. ತಾಯತ...

ಥೆರಪಿಸ್ಟ್: ಮೇಷ್ಟ್ರೇ, ದಯವಿಟ್ಟು ಈಗ ಬೇಡ.

ಚಳ್ಳಕೆರೆ ಅಮ್ಮ, ನಿಧಾನವಾಗಿ ಓದಿ. ಮಗುವನ್ನು ನೋಡದೆ ಇದೇ ಕಾಯಿಲೆ ಅಂತ ನಾನು ಹೇಳಲ್ಲ. ಆದರೆ ಚೆನ್ನಾಗಿ ಮಾತಾಡುತ್ತಿದ್ದ ಮಗು ಮಾತು ಕಳೆದುಕೊಂಡರೆ ಥೆರಪಿ ಮೊದಲಲ್ಲ, ಡಾಕ್ಟರ್ ಮೊದಲು. ಲಾಂಡೌ-ಕ್ಲೆಫ್ನರ್ ಅನ್ನುವ ಅಪರೂಪದ ತೊಂದರೆ ಇದೆ. 1957ರಲ್ಲಿ ಇಬ್ಬರು ಮೊದಲು ವಿವರಿಸಿದ್ದು, ಅವರದೇ ಹೆಸರು. ಹೆಚ್ಚಾಗಿ 3ರಿಂದ 7 ವರ್ಷದೊಳಗೆ ಶುರುವಾಗುತ್ತೆ. ಮೆದುಳಿನಲ್ಲಿ ಮಾತು ಅರ್ಥ ಮಾಡಿಕೊಳ್ಳುವ ಜಾಗದಲ್ಲಿ ಫಿಟ್ಸ್‌ನಂಥ ವಿದ್ಯುತ್ ಗಲಾಟೆ, ಅದೂ ನಿದ್ದೆಯಲ್ಲಿ ಜೋರು. ಕಿವಿಗೆ ಶಬ್ದ ಬೀಳುತ್ತೆ, ಆದರೆ ಮಾತು ಮಾತಾಗಿ ಕೇಳಿಸಲ್ಲ. ಮೊದಲು ಅರ್ಥ ಹೋಗುತ್ತೆ, ಹಿಂದೆಯೇ ಆಡುವ ಮಾತೂ ಹೋಗುತ್ತೆ. ಅದಕ್ಕೇ ಕಿವುಡು ಅಂತಲೋ ಹಠ ಅಂತಲೋ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲವು ಮಕ್ಕಳಿಗೆ ಕಣ್ಣಿಗೆ ಕಾಣುವಂಥ ಫಿಟ್ಸ್ ಬರುವುದೇ ಇಲ್ಲ. ನೀವು ಬರೆದ "ಏನು? ಏನು?", ಆಮೇಲೆ ಅದೂ ನಿಂತಿದ್ದು, ಲೋಟ ಕಂಡರೆ ಅರ್ಥ ಆಗುವುದು, ಜೊತೆಗೆ ಆ ರಾತ್ರಿ, ಇಷ್ಟನ್ನೂ ಸೇರಿಸಿ ನೋಡಿದಾಗ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಮಕ್ಕಳ ನ್ಯೂರಾಲಜಿಸ್ಟ್ ನೋಡಬೇಕು, ಈ ವಾರವೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. ನಿದ್ದೆಯಲ್ಲಿ ತೆಗೆಯುವ ಇಇಜಿ (ಮೆದುಳಿನ ವಿದ್ಯುತ್ ನೋಡುವ ಟೆಸ್ಟ್) ಬೇಕಾ ಅಂತ ನೀವೇ ಕೇಳಿ. ಎಚ್ಚರದಲ್ಲಿ ತೆಗೆದದ್ದು ಸರಿಯಾಗಿಯೇ ಬರಬಹುದು. ದಸರಾಗೆ ಮುಂಚಿನ ವಿಡಿಯೊ, ಈಗಿನ ವಿಡಿಯೊ ಎರಡನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ. ಮತ್ತೆ ಫಿಟ್ಸ್ ಥರ ಬಂದು 5 ನಿಮಿಷಕ್ಕೂ ನಿಲ್ಲದಿದ್ದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಓಡಿ. ಥೆರಪಿ ಆಮೇಲೆ ಬೇಕಾಗುತ್ತೆ, ಆಗ ನಾನೇ ಕೂತು ಹೇಳ್ತೀನಿ.

ಬೆಂಗಳೂರು ಅಪ್ಪ: ಸುಮ್ನೆ ಯಾಕೆ ಮೇಡಂ ಹೆದರಿಸ್ತೀರಾ? ನಮ್ಮ ಮಗನೂ ಒಂದೂವರೆ ವರ್ಷಕ್ಕೆ ನಾಲ್ಕು ಪದ ಹೇಳಿ ಬಿಟ್ಟುಬಿಟ್ಟ.

ಥೆರಪಿಸ್ಟ್: ಅದನ್ನು ಯಾರಿಗಾದರೂ ಹೇಳಿದ್ದೀರಾ? ಬಂದ ಪದ ಹೋಗುವುದು ಯಾವ ವಯಸ್ಸಿನಲ್ಲೂ ಸಣ್ಣ ವಿಷಯ ಅಲ್ಲ. ಎ ಬಿ ಸಿ ಡಿ ಬಿಟ್ಟು ಆಟಿಸಂ ಬಗ್ಗೆ ಒಮ್ಮೆ ಮಕ್ಕಳ ಡಾಕ್ಟರ್ ಹತ್ತಿರ ಮಾತಾಡಿ.

ಬೆಂಗಳೂರು ಅಪ್ಪ: ನನ್ನ ಮಗನಿಗೆ ಏನೂ ಇಲ್ಲ. ಎಲ್ಲರಿಗೂ ಕಾಯಿಲೆ ಅಂಟಿಸಿದರೆ ನಿಮಗೆ ಬಿಸಿನೆಸ್.

ಮಂಡ್ಯ ಅಮ್ಮ: ಅವರು ಫೀಸ್ ತಗೊಂಡಿದ್ದಾರಾ ಇಲ್ಲಿ? ಮಾತು ಸರಿಯಾಗಿ ಆಡಿ.

ಬೆಂಗಳೂರು ಅಪ್ಪ: ನೀವು ಪೀಪಿ ಊದಿಸಿ ಹೋಗಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಮುಂದಿನ ಮೆಸೇಜ್ ಡಿಲೀಟ್.

ಬೀದರ್ ಚಿಕ್ಕಪ್ಪ: ಆನ್‌ಲೈನ್ ಥೆರಪಿ ನಡೆಯುತ್ತಾ? ನಮ್ಮ ತಾಲ್ಲೂಕಿನಲ್ಲಿ ಯಾರೂ ಇಲ್ಲ.

ರಾಯಚೂರು ಅಮ್ಮ: ನನ್ನ ಮಗನಿಗೂ 2 ವರ್ಷ, ಮಾತಿಲ್ಲ. ಏನು ಮಾಡಬೇಕು?

ಥೆರಪಿಸ್ಟ್: ಕಿವಿ ಟೆಸ್ಟ್. ಮೇಲೆ ಓದಿ.

ಬೀದರ್ ಚಿಕ್ಕಪ್ಪ: ಮೇಡಂ, ನನ್ನದು?

ಚಳ್ಳಕೆರೆ ಅಮ್ಮ: ಮೇಡಂ, ನಾಡಿದ್ದು ಬೆಳಗ್ಗೆ ಬಸ್ಸಿಗೆ ಹೊರಡ್ತೀವಿ. ಅವರ ಅಪ್ಪ ರಜೆ ಹಾಕಿದರು. ಇಇಜಿಗೆ ಉಪವಾಸ ಇರಬೇಕಾ?

ಥೆರಪಿಸ್ಟ್: ಸಾಮಾನ್ಯವಾಗಿ ಬೇಡ, ಅಲ್ಲಿ ಕೇಳಿ. ತಲೆಗೆ ಎಣ್ಣೆ ಹಚ್ಚಬೇಡಿ. ಟೆಸ್ಟ್ ದಿನ ಗೊತ್ತಾದ ಮೇಲೆ, ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೇಗ ಎಬ್ಬಿಸಿ ಅನ್ನಬಹುದು. ಹಾಗಂದರೆ ದಾರಿಯಲ್ಲಿ ನಿದ್ದೆ ಮಾಡಲು ಬಿಡಬೇಡಿ.

ಚಳ್ಳಕೆರೆ ಅಮ್ಮ: ಬಸ್ ಹತ್ತಿದ ಕೂಡಲೇ ಮಲಗಿಬಿಡ್ತಾನೆ ಮೇಡಂ. ಮಾತು ಹೇಳಿ ಎಬ್ಬಿಸೋಣ ಅಂದರೆ ಅರ್ಥ ಆಗಲ್ಲ.

ಥೆರಪಿಸ್ಟ್: ಕಿಟಕಿ ಪಕ್ಕ ಕೂರಿಸಿ. ಹೊರಗೆ ಬೆರಳು ತೋರಿಸುತ್ತಾ ಇರಿ.