ಕೃಷಿ ಹೊಂಡದ ಸಹಾಯಧನ: ಎರಡೂವರೆ ಎಕರೆಯವರು ತೋಡಿಸಬಹುದೇ?

ಪ್ರಶ್ನೆ (ಚಳ್ಳಕೆರೆ ಕಡೆಯವನು)
ಎರಡೂವರೆ ಎಕರೆ ಕೆಂಪು ಮಣ್ಣು, ಮಳೆಯನ್ನೇ ನಂಬಿದ ಶೇಂಗಾ. ಕೊಳವೆಬಾವಿ ಬತ್ತಿ ಮೋಟಾರು ಕೊಟ್ಟಿಗೆ ಸೇರಿದೆ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆನೀರು ಹಿಡಿದಿಡುವ ಹೊಂಡಕ್ಕೆ ಅರ್ಜಿ ಹಾಕುತ್ತೇನೆ ಎಂದರೆ ನಮ್ಮ ತಂದೆ, "ಇರುವ ಹೊಲವನ್ನೂ ಗುಂಡಿ ಮಾಡುತ್ತೀಯಾ?" ಎನ್ನುತ್ತಾರೆ. ಜೆಸಿಬಿಯವನು, "ಈಗಲೇ ತೋಡಿಸಿ, ಬಿಲ್ಲು ಆಮೇಲೆ ಮಾಡಿಸೋಣ" ಎಂದು ಬೆನ್ನು ಹತ್ತಿದ್ದಾನೆ. ಎಷ್ಟು ಜಾಗ ಹೋಗುತ್ತದೆ, ಎಷ್ಟು ನೀರು ಸಿಗುತ್ತದೆ? ಅನುಭವ ಇರುವವರು ಹೇಳಿ.

ಉತ್ತರ (ಪಾವಗಡದ ರೈತ)
ಮೊದಲು ಆ ಜೆಸಿಬಿಯವನನ್ನು ಕಳುಹಿಸಿ. ರೈತ ಸಂಪರ್ಕ ಕೇಂದ್ರದಿಂದ ಕಾರ್ಯಾದೇಶ (ಕೆಲಸ ಶುರುಮಾಡಿ ಎಂಬ ಪತ್ರ) ಕೈಗೆ ಬರುವ ಮೊದಲು ತೋಡಿದ್ದು ನಿಮ್ಮ ಸ್ವಂತ ಖರ್ಚಿನ ಗುಂಡಿ, ಅಷ್ಟೇ.

ಜಾಗದ ಲೆಕ್ಕ: 15×15 ಮೀಟರ್ ಹೊಂಡದ ಬಾಯಿ ಎರಡೂಕಾಲು ಗುಂಟೆ. ಸುತ್ತ ಮಣ್ಣಿನ ಏರಿ ಸೇರಿ ನಾಲ್ಕೈದು ಗುಂಟೆ ಎಂದುಕೊಳ್ಳಿ. ನಿಮ್ಮದು ನೂರು ಗುಂಟೆ. ತಂದೆಯವರಿಗೆ ಇದನ್ನೇ ಹೇಳಿ.

ಮೂರು ಮೀಟರ್ ಆಳ, ಮೀಟರ್ ಇಳಿದಂತೆ ಗೋಡೆ ಮೀಟರ್ ಒಳಸರಿಯುವ ಇಳಿಜಾರು ಇದ್ದರೆ ತಳ 9×9 ಆಗುತ್ತದೆ. ತುಂಬಿದರೆ ಸುಮಾರು 4.4 ಲಕ್ಷ ಲೀಟರ್. ಒಂದು ಎಕರೆಗೆ ಎರಡು ಇಂಚು ನೀರು ಕೊಡಲು ಎರಡು ಲಕ್ಷ ಲೀಟರ್ ಬೇಕು. ಅಂದರೆ ಒಂದೆಕರೆಗೆ ಎರಡು ಸಲ. ಆವಿಯಾಗಿ ಹೋಗುವುದನ್ನು ಕಳೆದರೆ ಅದೂ ಕಷ್ಟ. ಇದನ್ನು ನಂಬಿ ಟೊಮೆಟೊ ನಾಟಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಶೇಂಗಾ ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ತುಂತುರು ಪೈಪಿನಲ್ಲಿ ಬೆಳೆ ಉಳಿಸಿಕೊಳ್ಳಲು ಇದು.

ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90. ಆದರೆ ಅದು ಇಲಾಖೆಯ ದರಪಟ್ಟಿಯ ಮೇಲಿನ ಲೆಕ್ಕ, ಜೆಸಿಬಿ ಬಾಡಿಗೆಯ ಮೇಲಲ್ಲ. ಕೆಳಗೆ ಬಂಡೆ ಸಿಕ್ಕಿದರೆ ಜೇಬಿಗೇ ಪೆಟ್ಟು.

ಕೆಂಪು ಮಣ್ಣಿಗೆ ಪಾಲಿಥೀನ್ ಹೊದಿಕೆ ಇಲ್ಲದೆ ನೀರು ನಿಲ್ಲುವುದಿಲ್ಲ. ಹಾಳೆಯ ಅಂಚನ್ನು ಏರಿಯ ಮೇಲೆ ಒಂದಡಿ ಕಾಲುವೆ ತೆಗೆದು ಹೂಳಿಸಿ. ಗುತ್ತಿಗೆದಾರ ಕಲ್ಲು ಹೇರಿ ಮುಗಿಸಲು ನೋಡುತ್ತಾನೆ. ಆಷಾಢದ ಗಾಳಿಗೆ ಹಾಳೆ ಎದ್ದು ಬಡಿದುಕೊಂಡು ಕಲ್ಲಿನ ಮೊನೆಗೇ ಹರಿಯುತ್ತದೆ. ಹಾಸುವ ಮೊದಲು ಗೋಡೆಯಲ್ಲಿನ ಬೇರು, ಹರಳು ಆರಿಸಿ ತೆಗೆಸಿ. ನೀರು ಒಳಬರುವ ಕಡೆ, ಮಣ್ಣು ಹೊಂಡಕ್ಕೆ ಇಳಿಯದಂತೆ ತಡೆಯುವ ಹೂಳಿನ ಗುಂಡಿ ಮರೆಯಬೇಡಿ.

ಉತ್ತರ (ನವಲಗುಂದದಿಂದ)
ನಮ್ಮದು ಎರೆ ಭೂಮಿ, ನೀರು ಹಿಡಿದಿಡುವ ಕಪ್ಪು ಮಣ್ಣು. ಹಾಳೆಯ ಗೊಡವೆಯೇ ಇಲ್ಲ. ಆದರೆ ಹೊಂಡಕ್ಕಿಂತ ಮೊದಲು ಬದು ಸರಿಮಾಡಿಕೊಳ್ಳಿ. ಯೋಜನೆಯಲ್ಲಿ ಕ್ಷೇತ್ರ ಬದುವೂ ಸೇರಿದೆ, ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಲದಲ್ಲೇ ಇಂಗಿದ ನೀರಿಗೆ ಪಂಪು ಬೇಡ.

ಉತ್ತರ (ಕೊಪ್ಪಳದ ಗೃಹಿಣಿ)
ಅಣ್ಣಾ, ಬೇಲಿಯ ಮಾತನ್ನು ಯಾರೂ ಎತ್ತಲಿಲ್ಲ. ತಂತಿ ಬೇಲಿಗೆ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೆ ಶೇ. 50 ಮಾತ್ರ ಬರುತ್ತದೆಂದು ಜನ ಅದನ್ನೇ ಬಿಡುತ್ತಾರೆ. ಒದ್ದೆ ಹಾಳೆಯ ಮೇಲೆ ಈಜು ಬಲ್ಲವನಿಗೂ ಕಾಲು ನಿಲ್ಲುವುದಿಲ್ಲ. ಬೇಲಿಯ ಜೊತೆಗೆ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ಮಕ್ಕಳಿರುವ ಮನೆಯಾದರೆ ಬೇಲಿ ಮುಗಿಯುವವರೆಗೆ ನೀರು ಬಿಟ್ಟುಕೊಳ್ಳಲೇಬೇಡಿ.

ಪ್ರಶ್ನೆ ಕೇಳಿದವನು
ಗುಂಟೆ ಲೆಕ್ಕಕ್ಕೆ ತಂದೆ ಸ್ವಲ್ಪ ಸಡಿಲವಾದರು. ಈಗ, "ತೋಡುವುದಾದರೆ ಮೇಲಿನ ಮೂಲೆಯಲ್ಲಿ ತೋಡು, ಅಲ್ಲಿ ಏನೂ ಬೆಳೆಯುವುದಿಲ್ಲ" ಎನ್ನುತ್ತಾರೆ.

ಪಾವಗಡದ ರೈತ
ಮೇಲಿನ ಮೂಲೆಗೆ ನೀರು ಹತ್ತಿ ಬರುತ್ತದೆಯೇ? ಮುಂದಿನ ಜೋರು ಮಳೆಯಲ್ಲಿ ಅವರನ್ನೂ ಕರೆದುಕೊಂಡು ಹೊಲಕ್ಕೆ ಹೋಗಿ. ನೀರು ಎಲ್ಲಿ ಬದು ದಾಟುತ್ತದೆಯೋ ಅದರ ಒಳಮಗ್ಗುಲಿಗೆ ಗೂಟ ಹೊಡೆದು ಬನ್ನಿ. ಅರ್ಜಿಗೆ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ, ರೈತರ ನೋಂದಣಿ ಸಂಖ್ಯೆ ಜೊತೆಗಿರಲಿ.