ಅಟ್ಟದ ಕೋಣೆ, ದನದ ಕೊಟ್ಟಿಗೆ

ದೊಡ್ಡಪ್ಪ (ಫಾರ್ವರ್ಡ್): ಕ್ಷಯದ ರೋಗಾಣುವಿಗೆ ಬಡವ-ಬಲ್ಲಿದ ಎಂಬ ಭೇದವಿಲ್ಲ. ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿದೆ. ಹತ್ತು ಜನರಿಗೆ ಕಳುಹಿಸಿ.

ಅತ್ತೆ: ನಿಜವಾದ ಮಾತು.

ನಾನು: ಅರ್ಧ ಮಾತ್ರ ನಿಜ, ಅತ್ತೆ. ರೋಗಾಣು ಗಾಳಿಯಲ್ಲಿ ಬಂದು ಯಾರ ಎದೆಯನ್ನಾದರೂ ಹೊಗುತ್ತದೆ. ಆದರೆ ಹೊಕ್ಕವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಅದು ಕಾಯಿಲೆಗೆ ತಿರುಗುತ್ತದೆ. ಹೊಟ್ಟೆಗೆ ಸಾಲದವರು, ಕಿಷ್ಕಿಂಧೆಯಂಥ ಮನೆಯಲ್ಲಿರುವವರು ಮೊದಲು ಹಾಸಿಗೆ ಹಿಡಿಯುತ್ತಾರೆ.

ದೊಡ್ಡಪ್ಪ: ಸರ್ಕಾರ ಮಾತ್ರೆಯನ್ನು ಪುಕ್ಕಟೆ ಕೊಡುತ್ತದೆ. 6 ತಿಂಗಳು ನುಂಗಲು ಏನು ಕಷ್ಟ? ಮೈ ಸ್ವಲ್ಪ ಹಗುರವಾದ ಕೂಡಲೇ ಬಿಟ್ಟುಬಿಡುತ್ತಾರೆ. ತಪ್ಪು ಅವರದೇ.

ನಾನು: ಕಳೆದ ವಾರ ಮಂಡಕ್ಕಿ ಭಟ್ಟಿಯ ಹಿಂದಿನ ಓಣಿಯಲ್ಲಿ, ಭಟ್ಟಿಯಲ್ಲೇ ದುಡಿಯುವ ಒಬ್ಬ ಕ್ಷಯರೋಗಿಯ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಏಳು ಜನ. ಭಟ್ಟಿಯ ಹೊಗೆ ಬಾರದಿರಲೆಂದು ಕಿಟಕಿಗೆ ಗೋಣಿಚೀಲ ತುರುಕಿದ್ದಾರೆ. ಕೆಮ್ಮಿದ ಗಾಳಿಯೂ ಒಳಗೇ ಉಳಿಯುತ್ತದೆ. ಮಾತ್ರೆ ಶುರುವಾದ ಮೂರನೆಯ ವಾರಕ್ಕೇ ಆತ ಮತ್ತೆ ಕಾದ ಮರಳಿನ ಮುಂದೆ ನಿಂತಿದ್ದಾನೆ. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದರೆ ವಾಂತಿಯಾಗುತ್ತದೆಂದು ಹೆಂಡತಿ ಅವನಿಗೊಂದು ರೊಟ್ಟಿ ಎತ್ತಿಡುತ್ತಾಳೆ. ಅವನು ಅರ್ಧ ಮುರಿದು ಮಗಳಿಗೆ ಕೊಡುತ್ತಾನೆ.

ಚಿಕ್ಕಪ್ಪ: ಊಟಕ್ಕೆಂದು ದುಡ್ಡು ಹಾಕುತ್ತಾರಲ್ಲ?

ನಾನು: ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಒಳ್ಳೆಯದೇ ಆಯಿತು. ಆದರೆ ಅದು ರೋಗಿಯೊಬ್ಬನ ಲೆಕ್ಕ, ತಿನ್ನುವವರು ಏಳು ಜನ. ಜಾರ್ಖಂಡ್‌ನಲ್ಲಿ ರೋಗಿಯ ಮನೆಯವರಿಗೂ ಅಕ್ಕಿ, ಬೇಳೆ, ಪೋಷಕಾಂಶದ ಮಾತ್ರೆ ಕೊಟ್ಟು ನೋಡಿದರು. ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇಕಡಾ 39ರಷ್ಟು ತಗ್ಗಿತು. 2023ರಲ್ಲಿ ಪ್ರಕಟವಾದ ಅಧ್ಯಯನ ಅದು.

ದೊಡ್ಡಪ್ಪ: ನಮ್ಮ ಅಪ್ಪನಿಗೂ ಕ್ಷಯವಾಗಿತ್ತು. ಶಿಸ್ತಿನಿಂದ ಇದ್ದರು, ಗುಣವಾದರು.

ಅತ್ತೆ: ಅಣ್ಣ, ಬರೀ ಶಿಸ್ತಲ್ಲ. ಅಪ್ಪ ಒಂದು ವರ್ಷ ಅಟ್ಟದ ಕೋಣೆಯಿಂದ ಇಳಿಯಲಿಲ್ಲ. ಎರಡು ಹೊತ್ತೂ ಹಾಲು, ತುಪ್ಪ ಒಯ್ಯುತ್ತಿದ್ದವಳು ನಾನೇ. ಗದ್ದೆ ಕೆಲಸವನ್ನೆಲ್ಲ ಆಳು ಮಾಡಿದ. ಅದೇ ವರ್ಷ ಅವನಿಗೂ ಕೆಮ್ಮು ಹತ್ತಿತು. ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ದೀಪಾವಳಿಗೆ ಮೊದಲೇ ತೀರಿಕೊಂಡ.

ಚಿಕ್ಕಪ್ಪ: ಇದು ನನಗೆ ಗೊತ್ತೇ ಇರಲಿಲ್ಲ.

ಅತ್ತೆ: ನೀನಿನ್ನೂ ತೊಟ್ಟಿಲಲ್ಲಿದ್ದೆ. ಡಾಕ್ಟರು ಸೈಕಲ್ ಮೇಲೆ ಬಂದು ಅಪ್ಪನಿಗೆ ಸೂಜಿ ಹಾಕಿ ಹೋಗುತ್ತಿದ್ದರು. ಸೈಕಲ್ ನಿಲ್ಲಿಸುತ್ತಿದ್ದದ್ದು ಕೊಟ್ಟಿಗೆಯ ಗೋಡೆಗೇ. ಒಳಗೆ ಇಣುಕಿ ನೋಡಿ ಎಂದು ನಾವ್ಯಾರೂ ಹೇಳಲಿಲ್ಲ.

ದೊಡ್ಡಪ್ಪ: ಆಗಿನ ಕಾಲವೇ ಹಾಗಿತ್ತು.

ನಾನು: ದೊಡ್ಡಪ್ಪ, ಆ ರೊಟ್ಟಿ ತಿನ್ನುವ ಮಗಳಿಗೂ ಈಗ ಎರಡು ವಾರದಿಂದ ಕೆಮ್ಮು. ನಾಳೆ ಕಫ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಜೊತೆಗೆ ಬಂದರೆ ತಾಯಿಗೆ ಕೂಲಿ ತಪ್ಪುತ್ತದೆ.