ಅಪ್‌ಡೇಟ್: ರಾತ್ರಿಯಿಡೀ ಅರಚ್ತಿದ್ದ ಬೆಕ್ಕಿಗೆ ಹೊಟ್ಟೆ ಸರಿಹೋಯ್ತು

ಹೋದ ವಾರ ಕೇಳಿದ್ದೆ: ರಾಯಚೂರು, 4 ಕೆ.ಜಿ. ಗಂಡು ಬೆಕ್ಕು, ಮೂರು ದಿನದಿಂದ ಮಲ ಇಲ್ಲ, ಮರಳಿನ ಟ್ರೇನಲ್ಲಿ ಕೂತು ತಿಣುಕ್ತಾ ರಾತ್ರಿಯೆಲ್ಲ ಅರಚಾಟ. ಈಗ ಆರಾಮಾಗಿದೆ.

ಕೆಲಸ ಮಾಡಿದ್ದು "ಮೊದಲು ನೀರಿನಂಶ ಹೆಚ್ಚಿಸಿ" ಅಂದವರ ಸಲಹೆ. ಡ್ರೈ ಫುಡ್‌ನಲ್ಲಿ ನೀರು ಶೇ 10ರ ಆಸುಪಾಸು ಅಷ್ಟೇ. ನಮ್ಮ ಕಡೆ ಬಿಸಿಲಿಗೆ ಮೈಯಲ್ಲಿ ನೀರು ಕಡಿಮೆಯಾದ್ರೆ ಕರುಳು ಮಲದಲ್ಲಿರೋ ತೇವವನ್ನೂ ಹೀರಿಬಿಡುತ್ತೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ, ಅದರದೇ ನೀರು ನಾಲ್ಕು ಚಮಚ, ಬೇಯಿಸಿ ಕಿವುಚಿದ ಸಿಹಿಗುಂಬಳ ಒಂದು ಚಮಚ. ಜೊತೆಗೆ ಪಶುವೈದ್ಯರು ತೂಕ ನೋಡಿ ಬರೆದ ಲ್ಯಾಕ್ಟುಲೋಸ್ (ಮಲ ಮೆತ್ತಗೆ ಮಾಡೋ ಔಷಧಿ) ಸಿರಪ್ 2 ಮಿ.ಲೀ., ದಿನಕ್ಕೆರಡು ಸಲ. ಸೂಜಿಯಿಲ್ಲದ ಸಿರಿಂಜನ್ನ ಕೆನ್ನೆ ಪಕ್ಕದಿಂದ ತೂರಿಸಿ ಹನಿಹನಿಯಾಗಿ ಬಿಡಬೇಕು. ಒಮ್ಮೆಲೇ ಒತ್ತಿದ್ರೆ ಶ್ವಾಸನಾಳಕ್ಕೆ ಹೋಗುತ್ತೆ. ಎರಡನೇ ದಿನ ಕಡಲೆಕಾಳಿನಂಥ ಒಣ ಉಂಡೆಗಳು ಬಂದ್ವು, ನಾಲ್ಕನೇ ದಿನ ಮೆತ್ತಗೆ. ಅವತ್ತೇ ಕೂಗಾಟ ನಿಂತಿತು.

ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿಯಿಂದ ಹೊಟ್ಟೆ ಇನ್ನೂ ಉಬ್ಬರಿಸಿತು. ಹರಳೆಣ್ಣೆ ಬೇಡವೇ ಬೇಡ ಅಂದ್ರು ಪಶುವೈದ್ಯರು. ಮನುಷ್ಯರ ಫಾಸ್ಫೇಟ್ ಎನಿಮಾ (ಮಲ ಹೊರಬರೋಕೆ ಗುದದ್ವಾರದಿಂದ ಹಾಕೋ ದ್ರವ) ಅಂತೂ ಮುಟ್ಟಲೇಬೇಡಿ, ಬೆಕ್ಕಿನ ಪ್ರಾಣವೇ ಹೋಗಬಹುದು.

ಆಶ್ಚರ್ಯ ಅನಿಸಿದ್ದು ಇದು: ವೈದ್ಯರು ಮೊದಲು ಒತ್ತಿ ನೋಡಿದ್ದು ಮೂತ್ರಕೋಶವನ್ನ. ಗಂಡು ಬೆಕ್ಕು ತಿಣುಕಿದ್ರೆ ಅದು ಮಲಬದ್ಧತೆಯೇ ಆಗಬೇಕಂತಿಲ್ಲ, ಮೂತ್ರ ಕಟ್ಟಿರಲೂಬಹುದು. ಹಾಗಿದ್ರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು. ಟ್ರೇ ಮರಳು ಒದ್ದೆಯಾಗಿಲ್ಲ ಅಂದ್ರೆ ಮನೆಮದ್ದು ಮಾಡ್ತಾ ಕೂರದೆ ಆಗಲೇ ಕರ್ಕೊಂಡು ಹೋಗಿ.

ನೀರಿನ ಮಣ್ಣಿನ ಬಟ್ಟಲನ್ನ ಊಟದ ತಟ್ಟೆಯಿಂದ ದೂರ, ನೆರಳಲ್ಲಿ ಇಟ್ಟಿದ್ದೀವಿ. ಈಗ ತಾನಾಗೇ ಹೋಗಿ ಕುಡೀತಿದೆ.